ಚಂದಾ ಚೀಟಿಯ ಬೆಲೆ

ದುಡಿಯುವ ಮನುಷ್ಯ ತನ್ನ ಕೂಲಿಯನ್ನು ತಾನೇ ಕೇಳಬೇಕೋ, ನಾಲ್ಕು ಜನರ ಜೊತೆ ನಿಂತು ಕೇಳಬೇಕೋ? ಪ್ರಶ್ನೆ ಹಳೆಯದು. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಬಸ್ ಡಿಪೋಗಳಲ್ಲಿ ಸಂಘದ ಚಂದಾ ಚೀಟಿ ಹರಿಯುವಾಗಲೆಲ್ಲ ಅದು ಹೊಸದಾಗಿ ಹುಟ್ಟುತ್ತದೆ. "ಪಗಾರ ಹೆಚ್ಚಾದರೆ ಎಲ್ಲರಿಗೂ ಹೆಚ್ಚಾಗುತ್ತದೆ, ನಾನೇಕೆ ಚಂದಾ ಕೊಡಲಿ?" ಎಂದು ಕೇಳುವವನು ದಡ್ಡನಲ್ಲ. ಅವನ ಲೆಕ್ಕ ಸರಿಯಾಗಿಯೇ ಇದೆ. ಲೆಕ್ಕ ಸರಿಯಿದ್ದೂ ನಡತೆ ತಪ್ಪಾಗಬಹುದೇ ಎಂಬುದು ಇಲ್ಲಿನ ಮಾತು.

ಮೊದಲು ಒಂಟಿಯಾಗಿ ಕೇಳುವವನ ಬಲವೆಷ್ಟು ಎಂದು ನೋಡೋಣ. ಚೌಕಾಸಿಯಲ್ಲಿ ಬಲ ಬರುವುದು "ಕೊಡದಿದ್ದರೆ ಹೋಗುತ್ತೇನೆ" ಎಂಬ ಮಾತಿನಿಂದ. ವಸ್ತಿ ಬಸ್ಸು ಓಡಿಸುವ ಚಾಲಕ ಎಲ್ಲಿಗೆ ಹೋಗಬೇಕು? ಹದಿನೈದು ವರ್ಷದ ಸೇವೆಯ ಹಿರಿತನವನ್ನು ಅವನು ಖಾಸಗಿ ಲಾರಿಗೆ ಹೊತ್ತುಕೊಂಡು ಹೋಗಲಾರ. ಹಾಗಾದರೆ ಲಕ್ಷಗಟ್ಟಲೆ ಸಂಬಳದ ವಿಮಾನದ ಪೈಲಟ್? ಅವನಿಗೆ ಸಂಘವೇಕೆ ಎಂದು ನಗುವವರಿದ್ದಾರೆ. ಆದರೆ 2017ರಲ್ಲಿ ನಮ್ಮ ವಿಮಾನಯಾನ ನಿರ್ದೇಶನಾಲಯ ಕಮಾಂಡರ್‌ಗಳು ಕೆಲಸ ಬಿಡಲು ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕೆಂದು ನಿಯಮ ಮಾಡಿತು. ಬೆಂಗಳೂರಿನ ಹೆಸರು ಹೊತ್ತು ಹಾರಿದ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನೆಲಕಚ್ಚಿದಾಗ ಪೈಲಟ್‌ಗಳಿಗೂ ಎಂಜಿನಿಯರ್‌ಗಳಿಗೂ ತಿಂಗಳುಗಳ ಸಂಬಳ ಬಾಕಿಯಿತ್ತು. ಒಬ್ಬೊಬ್ಬರ ಕೌಶಲ ಎಷ್ಟೇ ದೊಡ್ಡದಿದ್ದರೂ ಬಾಕಿ ವಸೂಲಿಗೆ ಅದು ನೆರವಾಗಲಿಲ್ಲ. ಸಂಬಳದ ಗಾತ್ರ ಬೇರೆ, ಮಾಲೀಕನ ಎದುರು ಒಂಟಿಯಾಗಿ ನಿಂತವನ ಗಾತ್ರ ಬೇರೆ.

ಇಷ್ಟಾದ ಮೇಲೆ ಸಂಘ ಮಾಡಿದ್ದೆಲ್ಲ ನ್ಯಾಯವೇ? ಅಲ್ಲ. ಏರ್ ಇಂಡಿಯಾದ ಎರಡು ಮುಷ್ಕರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 2007ರಲ್ಲಿ ಇಂಡಿಯನ್ ಏರ್‌ಲೈನ್ಸ್ ಅದರಲ್ಲಿ ವಿಲೀನವಾಯಿತು. 2011ರ ಏಪ್ರಿಲ್ ಕೊನೆಯಲ್ಲಿ ಹಳೆಯ ಇಂಡಿಯನ್ ಏರ್‌ಲೈನ್ಸ್‌ನ ಪೈಲಟ್‌ಗಳು ಕೆಲಸ ನಿಲ್ಲಿಸಿದರು. ಒಂದೇ ಸಂಸ್ಥೆಯ ಪೈಲಟ್‌ಗಳಿಗೆ ಒಂದೇ ಬಗೆಯ ಸಂಬಳ ಬೇಕೆಂಬುದು ಅವರ ಬೇಡಿಕೆ. ಮರುವರ್ಷ, 2012ರ ಮೇ ತಿಂಗಳಿಂದ ಸುಮಾರು ಎರಡು ತಿಂಗಳು, ಇನ್ನೊಂದು ಸಂಘ ಮುಷ್ಕರ ಹೂಡಿತು. ಹೊಸ ಬೋಯಿಂಗ್ 787 ವಿಮಾನದ ತರಬೇತಿಯಲ್ಲಿ ಆ ಹಳೆಯ ಇಂಡಿಯನ್ ಏರ್‌ಲೈನ್ಸ್‌ನವರಿಗೂ ಪಾಲು ಕೊಟ್ಟದ್ದು ಅದರ ಮುಖ್ಯ ತಕರಾರು. ತಮ್ಮ ಬಡ್ತಿ ಹಿಂದೆ ಬೀಳುತ್ತದೆಂಬ ಭಯ ಸುಳ್ಳಿರಲಿಕ್ಕಿಲ್ಲ. ಆದರೂ ಮೊದಲನೆಯದು ಬಾಗಿಲು ತೆರೆಯಿರಿ ಎಂದಿತು, ಎರಡನೆಯದು ಮುಚ್ಚಿರಿ ಎಂದಿತು. ವೃತ್ತಿ ಒಂದೇ, ಅಸ್ತ್ರ ಒಂದೇ. ನೀತಿ ಒಂದೇ ಅಲ್ಲ. ಆದ್ದರಿಂದ ಸದಸ್ಯತ್ವವೆಂದರೆ ಸಂಘಕ್ಕೆ ಬುದ್ಧಿಯನ್ನು ಒತ್ತೆ ಇಡುವುದಲ್ಲ.

ನಮ್ಮ ಸಾರಿಗೆ ನೌಕರರ ಕಡೆಗೆ ಬರೋಣ. 2016ರ ಜುಲೈನಲ್ಲಿ ಅವರು ಮೂರು ದಿನ ಬಸ್ಸು ನಿಲ್ಲಿಸಿ ಶೇ. 12.5ರ ಹೆಚ್ಚಳ ಪಡೆದರು. 2021ರ ಏಪ್ರಿಲ್ 7ರಂದು ಆರನೇ ವೇತನ ಆಯೋಗದ ಸಂಬಳಕ್ಕಾಗಿ ಶುರುವಾದ ಮುಷ್ಕರ 21ರವರೆಗೆ ನಡೆಯಿತು. ಅದರ ಮುಂದಾಳತ್ವ ಹಳೆಯ ಫೆಡರೇಷನ್ನಿನದಲ್ಲ, ರೈತ ನಾಯಕ ಕೋಡಿಹಳ್ಳಿ ಚಂದ್ರಶೇಖರ್ ಗೌರವಾಧ್ಯಕ್ಷರಾಗಿದ್ದ ಹೊಸ ಕೂಟದ್ದು. ಶೇ. 8 ಕೊಡುತ್ತೇವೆಂದ ಸರ್ಕಾರದ ಮಾತನ್ನು ಒಪ್ಪದ ಮುಷ್ಕರ ಕೊನೆಗೆ ಹೈಕೋರ್ಟಿನ ಸೂಚನೆಯ ನಂತರ ನಿಂತಿತು. ವಜಾ, ಅಮಾನತು, ವರ್ಗಾವಣೆಗಳು ಸಾವಿರಾರು ಮನೆಗಳ ಬಾಗಿಲು ತಟ್ಟಿದವು. ಶೇ. 15ರ ಹೆಚ್ಚಳ ಬಂದದ್ದು 2023ರಲ್ಲಿ. ಹಿಂಬಾಕಿಗಾಗಿ 2025ರ ಆಗಸ್ಟ್‌ನಲ್ಲಿ ಮತ್ತೆ ಬೀದಿಗಿಳಿಯಬೇಕಾಯಿತು.

ಇಲ್ಲಿ ಚಂದಾ ಕೊಡದವನ ಲೆಕ್ಕ ಬಿಚ್ಚಿಕೊಳ್ಳುತ್ತದೆ. 2023ರ ಹೆಚ್ಚಳ ಅವನ ಖಾತೆಗೂ ಬಿತ್ತು. ವರ್ಗಾವಣೆಯ ಕಾಗದ ಮಾತ್ರ ಮುಂದೆ ನಿಂತವನ ಕೈಗೆ ಬಂತು. ಫಲ ಎಲ್ಲರಿಗೆ, ಪೆಟ್ಟು ಕೆಲವರಿಗೆ. ಒಬ್ಬನ ಜಾಣತನ ನಡೆಯುವುದು ಉಳಿದವರು ಅವನಷ್ಟು ಜಾಣರಾಗದಿರುವ ತನಕ ಮಾತ್ರ. ಎಲ್ಲರೂ ಹಾಗೇ ಯೋಚಿಸಿದರೆ ಹಂಚಿಕೊಳ್ಳಲು ಹೆಚ್ಚಳವೇ ಇರುವುದಿಲ್ಲ.

ಬಾಗೇವಾಡಿಯ ನೆಲದಲ್ಲಿ ನಿಂತವರು ಕೇಳಬಹುದು: ಕಾಯಕವೇ ಕೈಲಾಸ ಎಂದ ಪರಂಪರೆಗೆ ಈ ಚೌಕಾಸಿ ಒಪ್ಪುತ್ತದೆಯೇ? ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ವಾಪಸು ಸುರಿದು ಬಾ ಎಂದವಳು ಆಯ್ದಕ್ಕಿ ಲಕ್ಕಮ್ಮ. ಆದರೆ ಅವಳು ಬೇಡವೆಂದದ್ದು ಅಗತ್ಯ ಮೀರಿದ ಅಕ್ಕಿಯನ್ನು. ಸಲ್ಲಬೇಕಾದದ್ದರಲ್ಲಿ ಕಡಿತವಾದರೂ ಬಾಯಿ ಮುಚ್ಚಿಕೊಂಡಿರು ಎಂದು ಅವಳು ಹೇಳಲಿಲ್ಲ. ಕನ್ನಡಕ್ಕೆ ಬಂದ 'ಹಕ್ಕು' ಎಂಬ ಪದದ ಮೂಲ 'ಹಕ್'. ಉರ್ದುವಿನಲ್ಲಿ ಅದಕ್ಕೆ ಸತ್ಯ ಎಂಬ ಅರ್ಥವೂ ಇದೆ. ಹಕ್ಕು ಕೇಳುವವನ ಬೇಡಿಕೆ ಸತ್ಯವೂ ಆಗಿರಬೇಕು ಎಂಬ ಎಚ್ಚರ ಆ ಪದದೊಳಗೇ ಕುಳಿತಿದೆ.

ಆ ಎಚ್ಚರ ಪ್ರಯಾಣಿಕನ ವಿಷಯದಲ್ಲಿ ಹೆಚ್ಚು ಬೇಕು. ಬಸ್ಸು ನಿಂತಾಗ ಮಂತ್ರಿಯ ಕಾರು ನಿಲ್ಲುವುದಿಲ್ಲ. ಸಂತೆಗೆ ಹೊರಟ ಮುದುಕಿ, ಪರೀಕ್ಷೆಗೆ ಹೊರಟ ಹುಡುಗಿ ನಿಲ್ಲುತ್ತಾರೆ. ಅವರನ್ನು ಒತ್ತೆಯಾಳುಗಳಂತೆ ಬಳಸುವ ಸಂಘ ತನ್ನದೇ ಬಂಧುಗಳನ್ನು ಕಳೆದುಕೊಳ್ಳುತ್ತದೆ. 2023ರ ಜೂನ್‌ನಿಂದ ಹೆಂಗಸರಿಗೆ ಉಚಿತ ಪ್ರಯಾಣ ಬಂದ ಮೇಲೆ ತುಂಬಿ ತುಳುಕುವ ಬಸ್ಸಿನ ಭಾರವನ್ನು ಹೊತ್ತಿರುವವರು ಚಾಲಕ, ನಿರ್ವಾಹಕರೇ. ಆ ಕಷ್ಟವನ್ನು ಅದೇ ಬಸ್ಸಿನ ಹೆಂಗಸರಿಗೆ ತಿಳಿಸಿ ಹೇಳುವುದೂ ಸಂಘದ ಕೆಲಸವಲ್ಲವೇ?

2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಹಲವು ಸಂಘಗಳಿರುವ ಕಡೆ ಶೇ. 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘವೊಂದೇ ಮಾತುಕತೆಯ ಅಧಿಕಾರ ಪಡೆಯುತ್ತದೆ. ಹೊರಗೆ ನಿಂತವನು ಇನ್ನು ಚಂದಾವನ್ನಷ್ಟೇ ಉಳಿಸುವುದಿಲ್ಲ, ಯಾರು ತನ್ನ ಪರವಾಗಿ ಮಾತಾಡಬೇಕೆಂಬ ತೀರ್ಮಾನವನ್ನೂ ಇನ್ನೊಬ್ಬರಿಗೆ ಬಿಟ್ಟುಕೊಡುತ್ತಾನೆ. ಒಳಗೆ ಹೋಗಿ ಲೆಕ್ಕಪತ್ರ ಕೇಳಲಿ, ಮುಖಂಡ ತಪ್ಪಿದರೆ ಎದ್ದು ನಿಂತು ತಪ್ಪು ಎನ್ನಲಿ, ಎರಡನೇ ಪೈಲಟ್ ಮುಷ್ಕರದಂಥ ಬೇಡಿಕೆ ಬಂದರೆ ಕೈ ಎತ್ತದಿರಲಿ. ಬೇಡವೆನ್ನುವ ಆ ಮತವೂ ಚಂದಾ ಕೊಟ್ಟವನಿಗೇ ಇರುವುದು.