ಬೇಲಿಗೆ ಬಿಟ್ಟ ಕರೆಂಟು

‘ಕ್ಷೇತ್ರ’ ಅಂದಕೂಡಲೇ ನಮ್ಮ ಕಡೆ ಜನಕ್ಕೆ ನೆನಪಾಗೋದು ಎಲೆಕ್ಷನ್. ಸಿಂಧನೂರು ಒಂದು ಕ್ಷೇತ್ರ, ಲಿಂಗಸುಗೂರು ಇನ್ನೊಂದು, 2008ರಿಂದ ಮಸ್ಕಿಯೂ ಒಂದು. ಅದಕ್ಕೇ ಸೆಕೆಂಡ್ ಪಿಯುಸಿ ಮಕ್ಕಳಿಗೆ ವಿದ್ಯುತ್ ಕ್ಷೇತ್ರದ ಪಾಠ ಶುರು ಮಾಡುವಾಗ, ಕ್ಷೇತ್ರ ಅಂದ್ರೆ ಹೊಲ ಅಂತ ತಿಳ್ಕೊಳ್ರಿ ಅಂತೀನಿ. ಒಂದು ಕಡೆ ವಿದ್ಯುದಂಶ ಇಟ್ಟರೆ ಅದರ ಸುತ್ತಲಿನ ಜಾಗ ಮೊದಲಿನಂತೆ ಉಳಿಯೋದಿಲ್ಲ. ಅಲ್ಲಿಗೆ ಇನ್ನೊಂದು ವಿದ್ಯುದಂಶ ಬಂದರೆ ಅದರ ಮೇಲೆ ಬಲ ಬೀಳುತ್ತದೆ. ಆ ಬಲವನ್ನು ಬಂದ ವಿದ್ಯುದಂಶದಿಂದ ಭಾಗಿಸಿದರೆ ಆ ಜಾಗದ ಕ್ಷೇತ್ರ ಸಿಗುತ್ತದೆ. ಪ್ರತಿ ವರ್ಷ ಯಾರಾದರೊಬ್ಬರು ಕೇಳೇ ಕೇಳ್ತಾರೆ: “ಸರ್, ಅಲ್ಲಿಗೆ ಏನೂ ಬರಲೇ ಇಲ್ಲ ಅಂದ್ರ? ಆವಾಗ ಕ್ಷೇತ್ರ ಇರ್ತದೋ ಇಲ್ಲೋ?”

ಇರ್ತದ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಈ ಪ್ರಶ್ನೆ ದೊಡ್ಡದೊಡ್ಡವರನ್ನೂ ಕಾಡಿದೆ. ನಡುವೆ ಏನೂ ಇಲ್ಲದೆ ಒಂದು ವಸ್ತು ದೂರದ ಇನ್ನೊಂದನ್ನು ಎಳೆಯುತ್ತದೆ ಅನ್ನೋದು ನ್ಯೂಟನ್‌ಗೇ ಅಸಂಬದ್ಧ ಅನಿಸಿತ್ತು. 1693ರಲ್ಲಿ ಬೆಂಟ್ಲಿಗೆ ಬರೆದ ಪತ್ರದಲ್ಲಿ ಅದನ್ನೇ ಹೇಳಿದ್ದಾನೆ. ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದ ಫ್ಯಾರಡೆ ಅಯಸ್ಕಾಂತದ ಸುತ್ತ ಕಬ್ಬಿಣದ ಪುಡಿ ಉದುರಿಸಿ, ಆ ಗೆರೆಗಳನ್ನು ನೋಡಿ, ಖಾಲಿ ಜಾಗದಲ್ಲೂ ಏನೋ ಇದೆ ಎಂದು ನಂಬಿದ. ಮ್ಯಾಕ್ಸ್‌ವೆಲ್ 1865ರ ಹೊತ್ತಿಗೆ ಅದನ್ನು ಸಮೀಕರಣಕ್ಕೆ ತಂದ. ಇಲ್ಲಿ ವಿದ್ಯುದಂಶ ಅಲುಗಿದ ಸುದ್ದಿ ಅಲ್ಲಿಗೆ ಮುಟ್ಟೋದು ಬೆಳಕಿನ ವೇಗದಲ್ಲಿ. ನಡುವಿನ ಆ ಹೊತ್ತಿನಲ್ಲಿ ಶಕ್ತಿ ಇರೋದು ಕ್ಷೇತ್ರದಲ್ಲೇ. ಹಾಗಾಗಿ ಕ್ಷೇತ್ರ ಬರೀ ಲೆಕ್ಕದ ಅನುಕೂಲಕ್ಕೆ ಮಾಡಿಕೊಂಡದ್ದು ಅನ್ನೋಹಾಗಿಲ್ಲ.

ಈ ಉತ್ತರ ಕ್ಲಾಸಿನ ಆಚೆ ನನ್ನ ತಲೆ ತಿನ್ನುತ್ತಿರೋದು ನಮ್ಮ ಸೋದರಮಾವನಿಂದ. ಮಸ್ಕಿ ಆಚೆ ಗುಡ್ಡದ ಬುಡದಲ್ಲಿ ಅವರ ಶೇಂಗಾ ಹೊಲ. ಸಿಂಧನೂರು ಕಡೆಯ ಕಾಲುವೆ ನೀರು ಅಲ್ಲಿಲ್ಲ, ಬೋರೇ ಗತಿ. ಅದರ ಮೇಲೆ ಕಾಡುಹಂದಿ ಕಾಟ. ಒಂದು ರಾತ್ರಿ ಹಿಂಡು ನುಗ್ಗಿದರೆ ನಾಲ್ಕು ತಿಂಗಳ ದುಡಿಮೆ ಮಣ್ಣುಪಾಲು. ಮಾವ ಮೋಟರಿನ ಲೈನಿನಿಂದ ತಂತಿ ಎಳೆದು ಬದುವಿನ ಸುತ್ತ ಕಟ್ಟಿದ್ದಾರೆ. ರಾತ್ರಿ ಸ್ವಿಚ್ ಹಾಕೋದು, ನಸುಕಿಗೆ ತೆಗೆಯೋದು. ಮೂರು ವರ್ಷ ಆಯ್ತು. ಎರಡು ಹಂದಿ ಸತ್ತಿವೆ. “ಅಳಿಯ, ಮೂರು ವರ್ಷದಾಗ ಯಾವ ಮನಷ್ಯಾಗ ಏನಾಗ್ಯದ ಹೇಳು. ನಾ ಮನ್ಯಾಗ ಮಲಗಿರ್ತೀನಿ. ನಾ ಯಾರನ್ನ ಮುಟ್ಟೀನಿ?”

ಎರಡನೆಯ ಮಾತು ಮೊದಲು. ಮುಟ್ಟೋದು ಅಂದ್ರೇನು? ಮೇಜಿನ ಮೇಲೆ ಕೈ ಊರಿದರೂ ನನ್ನ ಕೈಯ ಪರಮಾಣುಗಳು ಮೇಜಿನ ಪರಮಾಣುಗಳನ್ನು ದೂರದಿಂದಲೇ ತಳ್ಳುತ್ತಿರುತ್ತವೆ, ಅದೂ ವಿದ್ಯುತ್ ಬಲವೇ. ಮಳೆಗಾಳಿಗೆ ಲೈನ್ ಹರಿದು ಭತ್ತದ ಗದ್ದೆಗೆ ಬಿತ್ತು ಅನ್ರಿ. ತಂತಿ ಮುಟ್ಟಲೇಬೇಕಂತಿಲ್ಲ, ಹಸಿ ನೆಲದಲ್ಲಿ ಹೆಜ್ಜೆಯಿಂದ ಹೆಜ್ಜೆಗೆ ವೋಲ್ಟೇಜ್ ಬೇರೆ. ಎತ್ತಿನ ಮುಂಗಾಲಿಗೂ ಹಿಂಗಾಲಿಗೂ ಅಂತರ ಜಾಸ್ತಿ, ನಡುವೆ ಹೃದಯ. ಅದಕ್ಕೇ ಮನುಷ್ಯ ಉಳಿದ ಜಾಗದಲ್ಲೂ ಎತ್ತು ಸಾಯಬಹುದು. (ಅಂಥ ಕಡೆ ಸಿಕ್ಕಿಬಿದ್ದರೆ ಓಡಬೇಡ್ರಿ. ಎರಡೂ ಪಾದ ಜೋಡಿಸಿ, ನೆಲಕ್ಕೆ ಉಜ್ಜುತ್ತಾ ಸಣ್ಣಸಣ್ಣಗೆ ಸರೀರಿ. ದೂರ ಬಂದಮೇಲೆ 1912ಕ್ಕೆ ಫೋನ್ ಮಾಡ್ರಿ.)

ಮೊದಲನೆಯ ಮಾತು ಕಷ್ಟದ್ದು. ಅಕ್ಕಪಕ್ಕದ ಇಬ್ಬರು ಒಂದೇ ರೀತಿ ತಂತಿ ಕಟ್ಟಿದರು ಅಂತಿಟ್ಟುಕೊಳ್ಳಿ. ಒಬ್ಬನ ಬೇಲಿಗೆ ರಾತ್ರಿ ಕುರಿ ಹುಡುಕಿಕೊಂಡು ಬಂದ ಹುಡುಗ ಬಿದ್ದ. ಇನ್ನೊಬ್ಬನ ಕಡೆ ಯಾರೂ ಬರಲಿಲ್ಲ. ಊರು ಮೊದಲನೆಯವನಿಗೆ ಕೊಲೆಗಾರ ಅನ್ನುತ್ತದೆ, ಎರಡನೆಯವನ ಜೊತೆ ಚಾ ಕುಡಿಯುತ್ತದೆ. ಇಬ್ಬರೂ ಮಾಡಿದ್ದು ಒಂದೇ ಕೆಲಸ. ವ್ಯತ್ಯಾಸ ಮಾಡಿದ್ದು ಆ ಹುಡುಗನ ಕಾಲು ಯಾವ ಕಡೆ ತಿರುಗಿತು ಅನ್ನೋದು; ಅದು ಇಬ್ಬರ ಕೈಯಲ್ಲೂ ಇರಲಿಲ್ಲ. ಸ್ವಿಚ್ ಒತ್ತಿದ ಗಳಿಗೆಗೇ ತಪ್ಪು ಪೂರ್ತಿ ಆಯ್ತು ಅಂತ ನನಗನಿಸುತ್ತದೆ. ಸತ್ತವನ ಮನೆಗೆ ಹೋಗಿ ನಿಲ್ಲಬೇಕಾದವನು ಮೊದಲನೆಯವನೇ, ಆ ಋಣ ಅವನೊಬ್ಬನದೇ, ಒಪ್ತೀನಿ. ಆದರೆ ತಪ್ಪಿನ ತೂಕ ಸಮ.

ಕಾನೂನು ಇಷ್ಟು ದೂರ ಬರೋದಿಲ್ಲ. ತನ್ನ ಪಾಯಖಾನೆಗೆ ನೆರೆಯವರು ಬರದಿರಲಿ ಅಂತ ಬಿಹಾರದಲ್ಲೊಬ್ಬ ಹಾದಿಗೆ ಬೆತ್ತಲೆ ತಂತಿ ಕಟ್ಟಿ ಕರೆಂಟು ಬಿಟ್ಟಿದ್ದ. ನೆರೆಮನೆಯ ಹೆಂಗಸು ಸತ್ತಳು. ನನ್ನ ಜಾಗ, ಅವಳೇ ಕೇಳದೆ ಬಂದಳು ಅನ್ನೋ ವಾದವನ್ನು ಸುಪ್ರೀಂ ಕೋರ್ಟ್ 1963ರಲ್ಲಿ ಒಪ್ಪಲಿಲ್ಲ. ನಿರ್ಲಕ್ಷ್ಯದಿಂದ ಸಾವು ತಂದ ಅಪರಾಧ ಅಂತ ಶಿಕ್ಷೆ ಖಾಯಂ ಆಯ್ತು. ಆದರೆ ಆ ಸೆಕ್ಷನ್ ಲಾಗೂ ಆಗಬೇಕಾದರೆ ಒಂದು ಹೆಣ ಬೀಳಲೇಬೇಕು.

ಮಾವನಿಗೆ ಸೋಲಾರ್ ಬೇಲಿ ಹಾಕಿಸು ಅಂದೆ. ಅದರಲ್ಲಿ ಸಾವಿರಾರು ವೋಲ್ಟ್ ಇದ್ದರೂ ಅದು ಬರೋದು ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸೋದಕ್ಕಿಂತ ಎಷ್ಟೋ ಕಡಿಮೆ ಹೊತ್ತು. ಹಂದಿ ಚುರುಕ್ ಅಂದು ಹಿಂದೆ ಹಾರುತ್ತದೆ. ಮೋಟರ್ ಲೈನಿನ ವೋಲ್ಟೇಜ್ ಅದಕ್ಕಿಂತ ಎಷ್ಟೋ ಕಡಿಮೆ, ಆದರೆ ಬಿಡುವೇ ಇಲ್ಲ. ಸ್ನಾಯು ಸೆಟೆದು ಹಿಡಿದ ಕೈ ಬಿಡಲಾಗೋದಿಲ್ಲ. “ಖರೆ ಅದ. ರೊಕ್ಕ ನಿಮ್ಮ ಫಿಸಿಕ್ಸ್ ಕೊಡ್ತದೇನು?” ಅಂದ್ರು. ಈ ಮಾತಿಗೆ ನಾನು ನಗಲಿಲ್ಲ. ಬೆಳೆ ಹೋದರೆ ಸಾಲದವರು ಬರೋದು ಅವರ ಮನೆ ಬಾಗಿಲಿಗೆ, ನನ್ನ ಬಾಗಿಲಿಗಲ್ಲ. ಅರ್ಧ ನಾನು ಹಾಕ್ತೀನಿ ಅಂದೀನಿ.

ಒಂದು ಬೋರ್ಡಾದರೂ ಹಾಕು ಅಂದದ್ದಕ್ಕೆ, ಬೋರ್ಡ್ ಹಾಕಿದರೆ ಪೊಲೀಸರಿಗೆ ನಾನೇ ಕರೆದಂಗ ಅಂದ್ರು. ಅದೇ ಮಸ್ಕಿಯಲ್ಲಿ, 1915ರಲ್ಲಿ ಪತ್ತೆಯಾದ ಬಂಡೆಯ ಮೇಲೆ ಅಶೋಕ ತನ್ನ ಹೆಸರು ಸಮೇತ ಮಾತು ಕೆತ್ತಿಸಿದ್ದಾನೆ, ತಾನು ಎಂದೂ ನೋಡದ ದಾರಿಹೋಕರಿಗಾಗಿ.

ಇನ್ನೊಂದು ಉಳೀತು. ಹತ್ತು ವಿದ್ಯುದಂಶಗಳಿದ್ದರೆ ಹತ್ತರ ಕ್ಷೇತ್ರವೂ ಕೂಡಿಕೊಳ್ಳುತ್ತವೆ. ಮಾವನ ತಂತಿ ಊರಿಗೆಲ್ಲ ಗೊತ್ತು. ತಮ್ಮತಮ್ಮ ಮಕ್ಕಳಿಗೆ, ಆ ಕಡೆ ಹೋಗಬ್ಯಾಡ್ರಿ ಅಂತ ಹೇಳಿಟ್ಟಿದ್ದಾರೆ. ಗೊತ್ತಿಲ್ಲದವರು ಹೊರಗಿನಿಂದ ಬರೋ ಕುರಿಗಾರರು. ಸುಗ್ಗಿ ಹತ್ತಿರ ಬಂತು, ಹಿಂಡುಗಳು ಬರೋ ಹೊತ್ತು. ಮಾವ ಇನ್ನೂ ಹ್ಞೂಂ ಅಂದಿಲ್ಲ. ಅವರ ಸಿಟ್ಟು ಅವರಿಗಿರಲಿ; ಹೋದ ಭಾನುವಾರ ಹಳ್ಳದ ದಂಡೆಯಲ್ಲಿ ಬಿಡಾರ ಹಾಕಿದ್ದ ಇಬ್ಬರು ಕುರಿಗಾರರನ್ನು ಕರಕೊಂಡು ಹೋಗಿ, ತಂತಿ ಎಲ್ಲಿಂದ ಎಲ್ಲಿವರೆಗೆ ಅದ ಅಂತ ತೋರಿಸಿ ಬಂದೀನಿ.