ವೇಟರ್ ತಿರುಗಿ ಕೇಳುವ ಪ್ರಶ್ನೆ

ದರ್ಶಿನಿಯಲ್ಲಿ ಟೋಕನ್ ಮುಂದಿಟ್ಟು "ಎರಡು ಇಡ್ಲಿ, ಒಂದು ವಡೆ, ಸಾಂಬಾರ್ ಬೇರೆ ಕೊಡಿ" ಎನ್ನುವಾಗ ಯಾರಿಗೂ ಭಾಷೆಯ ಅಳುಕಿರುವುದಿಲ್ಲ. ಅದೇ ಮನುಷ್ಯ ಇಂಗ್ಲಿಷ್ ಮೆನು ಇರುವ ದೊಡ್ಡ ರೆಸ್ಟೋರೆಂಟಿನಲ್ಲಿ ಕುಳಿತರೆ, ಗೊತ್ತಿರುವ ಒಂದು ಹೆಸರಿನ ಮೇಲೆ ಬೆರಳಿಟ್ಟು ತೋರಿಸಿ, ಆಮೇಲೆ ಬರುವ ಪ್ರತಿ ಪ್ರಶ್ನೆಗೂ 'ಓಕೆ' ಎಂದುಬಿಡುತ್ತಾನೆ. ಇಂಗ್ಲಿಷ್ ಬಾರದ್ದರಿಂದ ಹೀಗಾಯಿತೆಂದು ಹಲವರು ಸ್ಪೋಕನ್ ಇಂಗ್ಲಿಷ್ ತರಗತಿ ಹುಡುಕಿಕೊಂಡು ಹೋಗುತ್ತಾರೆ. ಆದರೆ ಊಟ ತರಿಸಿಕೊಳ್ಳಲು ಬೇಕಾದ ಇಂಗ್ಲಿಷ್ ತೀರಾ ಸ್ವಲ್ಪ. ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲದಿರುವುದು, ಅರ್ಥವಾಗದಾಗ ಇನ್ನೊಮ್ಮೆ ಕೇಳುವ ಅಭ್ಯಾಸ. ಮೊದಲು ರೂಢಿಸಿಕೊಳ್ಳಬೇಕಾದದ್ದು ಅದನ್ನೇ ಎಂಬುದು ನನ್ನ ವಾದ.

ಇದಕ್ಕೆ ಆಧಾರವಿದೆ. ನ್ಯೂಜಿಲೆಂಡಿನ ಭಾಷಾಬೋಧನಾ ತಜ್ಞರಾದ ಪಾಲ್ ನೇಷನ್ ಮತ್ತು ಡೇವಿಡ್ ಕ್ರ್ಯಾಬ್ 1991ರಲ್ಲಿ ಪ್ರವಾಸಿಗರಿಗೆಂದು ಒಂದು ಪಟ್ಟಿ ಪ್ರಕಟಿಸಿದರು. ಗೊತ್ತಿಲ್ಲದ ಭಾಷೆಯ ನಾಡಿಗೆ ಹೋದವರು ವಂದಿಸಲು, ದಾರಿ ಕೇಳಲು, ಚೌಕಾಸಿ ಮಾಡಲು, ಊಟ ತರಿಸಿಕೊಳ್ಳಲು, ಎಲ್ಲಕ್ಕೂ ಸೇರಿ ಬೇಕಾಗುವ ಪದಗಳೂ ಮಾತುಗಳೂ ಅದರಲ್ಲಿ ಸುಮಾರು 120 ಮಾತ್ರ. ಗಮನಿಸಬೇಕಾದದ್ದೆಂದರೆ, 'ಅರ್ಥವಾಗಲಿಲ್ಲ', 'ನಿಧಾನವಾಗಿ ಹೇಳಿ' ಎಂಬಂಥ ಮಾತುಗಳಿಗೆ ಅಲ್ಲಿ ಪ್ರತ್ಯೇಕ ವಿಭಾಗವೇ ಇದೆ. ಹಾಗಿದ್ದರೂ ನಾವು ತಡವರಿಸುವುದೇಕೆ? ಅಭ್ಯಾಸ ಮಾಡುವುದೆಲ್ಲ ನಮ್ಮ ಪಾಲಿನ ವಾಕ್ಯವನ್ನಷ್ಟೇ. 'ಐ ವುಡ್ ಲೈಕ್ ಟು ಹ್ಯಾವ್' ಬಾಯಿಪಾಠವಾಗಿರುತ್ತದೆ. ವೇಟರ್ ತಿರುಗಿ 'ಡ್ರೈ ಆರ್ ಗ್ರೇವಿ?' ಎಂದ ಕೂಡಲೇ ಮಾತು ನಿಂತುಹೋಗುತ್ತದೆ. ಆದರೆ ಆ ಪ್ರಶ್ನೆಗಳೂ ಬೆರಳೆಣಿಕೆಯವೇ. ಬಾಗಿಲಲ್ಲಿ ಎಷ್ಟು ಜನ ಎಂದು, ಕುಳಿತ ಮೇಲೆ ರೆಗ್ಯುಲರ್ ನೀರೋ ಬಾಟಲಿಯೋ ಎಂದು, ಆರ್ಡರ್ ಕೊಟ್ಟ ಮೇಲೆ ಖಾರ ಎಷ್ಟಿರಲಿ, ಸೂಪ್ ಒನ್ ಬೈ ಟು ಮಾಡಬೇಕೇ, ಇನ್ನೇನಾದರೂ ಬೇಕೇ ಎಂದು, ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಬರುತ್ತವೆ. ಮನೆಯಲ್ಲಿ ಒಬ್ಬರು ವೇಟರ್ ಆಗಿ ಇವನ್ನು ಬೇಗಬೇಗ, ಕ್ರಮ ತಪ್ಪಿಸಿ ಕೇಳಲಿ. ತಿಳಿಯದಾಗ 'ಸಾರಿ, ಕುಡ್ ಯು ಸೇ ದಟ್ ಅಗೇನ್?' ಎಂದು ಬಾಯಿಬಿಟ್ಟು ಹೇಳುವುದನ್ನು ನಿಯಮ ಮಾಡಿಕೊಳ್ಳಿ. ನೂರು ಪದ ಕಲಿಯುವುದಕ್ಕಿಂತ ಈ ಒಂದು ವಾಕ್ಯ ಸಂಕೋಚವಿಲ್ಲದೆ ಹೊರಡುವಂತೆ ಮಾಡಿಕೊಳ್ಳುವುದು ಕಷ್ಟ.

ಕೇಳುವ ಅಭ್ಯಾಸದ ಬೆಲೆ ಹೊರದೇಶಕ್ಕೆ ಹೋದ ಸಸ್ಯಾಹಾರಿಗೆ ಬೇಗ ತಿಳಿಯುತ್ತದೆ. ಅಲ್ಲಿ 'ಐ ಆಮ್ ವೆಜಿಟೇರಿಯನ್' ಎಂದರೆ ಸಾಲದು. ಬಟ್ಟಲಿನಲ್ಲಿ ಕಾಣುವುದೆಲ್ಲ ಕ್ಯಾರೆಟ್ಟು, ಬೀನ್ಸೇ ಆಗಿದ್ದರೂ ಸೂಪಿನ ನೀರು ಕೋಳಿಯ ಮೂಳೆ ಕುದಿಸಿದ ಸ್ಟಾಕ್ ಆಗಿರಬಹುದು. ಸಾಂಪ್ರದಾಯಿಕ ವೂಸ್ಟರ್ ಸಾಸಿಗೆ ಆಂಚೊವಿ ಎಂಬ ಸಣ್ಣ ಮೀನು ಬೀಳುತ್ತದೆ. ಇಟಲಿಯ ಅಸಲಿ ಪಾರ್ಮೆಸಾನ್ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. 'ವಾಟ್ ಈಸ್ ದ ಸ್ಟಾಕ್ ಮೇಡ್ ಫ್ರಂ?' ಎಂಬಂಥ ಪ್ರಶ್ನೆ ಕೇಳದೆ ಇವು ತಿಳಿಯುವ ದಾರಿಯಿಲ್ಲ. ಕೇಳಿದರೆ ಏನೆಂದುಕೊಂಡಾರೋ ಎಂಬ ಅಂಜಿಕೆಯೂ ಬೇಡ. ಬ್ರಿಟನ್ನಿನಲ್ಲಿ 2014ರ ಡಿಸೆಂಬರಿನಿಂದ ಶೇಂಗಾ, ಹಾಲು, ಮೀನು, ಎಳ್ಳು ಸೇರಿ ಅಲರ್ಜಿ ತರುವ 14 ಪದಾರ್ಥಗಳ ಮಾಹಿತಿಯನ್ನು ಹೋಟೆಲಿನವರು ಗ್ರಾಹಕರಿಗೆ ಕೊಡಲೇಬೇಕು. ಊಟದಲ್ಲಿ ಏನೇನಿದೆ ಎಂಬ ಪ್ರಶ್ನೆ ಅಲ್ಲಿನ ವೇಟರ್‌ಗೆ ಹೊಸದೇನಲ್ಲ.

ಈಗ ಕ್ಯೂಆರ್ ಕೋಡ್ ಇದೆ, ಚಿತ್ರ ಇದೆ, ಫೋನೇ ಅನುವಾದ ಮಾಡುತ್ತದೆ, ಕಲಿಯುವುದೇಕೆ ಎನ್ನುವವರಿದ್ದಾರೆ. ಫೋನು ಖಂಡಿತ ನೆರವಾಗುತ್ತದೆ, ಬಳಸಬೇಕು. ಆದರೆ ಕೇಳಬೇಕೆಂದು ನಿರ್ಧರಿಸುವವರು ನಾವೇ. ಸಂಕೋಚದಿಂದ ಸುಮ್ಮನಿರುವವನ ಕೈಯಲ್ಲಿ ಫೋನಿದ್ದರೂ ಪ್ರಶ್ನೆ ಹೊರಡುವುದಿಲ್ಲ. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಕರ್ನಾಟಕದಲ್ಲಿ ಊಟ ಕೇಳಲು ಇಂಗ್ಲಿಷ್ ಏಕೆ ಬೇಕು? ನಾನಂತೂ ಇದನ್ನು ಒಪ್ಪುತ್ತೇನೆ. ಇಲ್ಲಿ ಮೊದಲ ಮಾತು ಕನ್ನಡದಲ್ಲೇ ಇರಬೇಕು, ಮೆನುವಿನಲ್ಲೂ ಕನ್ನಡ ಇರಬೇಕು. ಆದರೆ ಬೆಂಗಳೂರಿನಲ್ಲಿ ಬಡಿಸುವವರಲ್ಲಿ ಅಸ್ಸಾಂ, ಒಡಿಶಾ, ಬಂಗಾಳದಿಂದ ದುಡಿಯಲು ಬಂದ ಹುಡುಗರು ಬಹಳ. ಅವರ ಇಂಗ್ಲಿಷೂ ಕೆಲಸಕ್ಕೆ ಸೇರಿದ ಮೇಲೆ ಕಲಿತದ್ದೇ ಆಗಿರಬಹುದು. ನಾವು ಮೊದಲು ಕನ್ನಡದಲ್ಲಿ ಕೇಳಿದರೆ ಅವರಿಗೂ ನಾಲ್ಕು ಕನ್ನಡ ಮಾತು ಕಿವಿಗೆ ಬೀಳುತ್ತದೆ. ಅದು ಸಾಗದಿದ್ದಾಗ ಸಣ್ಣ ವಾಕ್ಯದ ನಿಧಾನದ ಇಂಗ್ಲಿಷ್ ಇಬ್ಬರಿಗೂ ಅನುಕೂಲ. ಅಲ್ಲಿ ವ್ಯಾಕರಣ ತಪ್ಪಿದರೆ ನಾಚಿಕೊಳ್ಳುವಂಥದ್ದೇನೂ ಇಲ್ಲ.

ಬಿಲ್ ಬಂದಾಗ ಕೇಳುವ ಈ ಅಭ್ಯಾಸ ಹಣದ ಲೆಕ್ಕಕ್ಕೇ ತಾಗುತ್ತದೆ. ಜಿಎಸ್‌ಟಿ ಸರ್ಕಾರದ ತೆರಿಗೆ, ಕೊಡಲೇಬೇಕು. ಸರ್ವಿಸ್ ಚಾರ್ಜ್ ಹಾಗಲ್ಲ. ಅದನ್ನು ಬಿಲ್ಲಿಗೆ ತಾನಾಗಿಯೇ ಸೇರಿಸಕೂಡದು, ಕೊಡುವಂತೆ ಒತ್ತಾಯಿಸಕೂಡದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಆದ್ದರಿಂದ ಬಿಲ್ಲಿನ ಕೆಳಗಿನ ಸಾಲುಗಳನ್ನು ಓದಿ, ಅದು ಸೇರಿದ್ದರೆ 'ಪ್ಲೀಸ್ ರಿಮೂವ್ ದ ಸರ್ವಿಸ್ ಚಾರ್ಜ್' ಎಂದು ಗೌರವದಿಂದಲೇ ಹೇಳಿ, ಹೊಸ ಬಿಲ್ ಬರುವವರೆಗೆ ಕುಳಿತಿರಬಹುದು.