ಉಸಿರು ಹೇಳುವ ಮಾತು ಯಾರದು?

ನಾವು ಹೊರಬಿಡುವ ಉಸಿರು ಬರಿಯ ಗಾಳಿಯಲ್ಲ. ಅದರಲ್ಲಿ ಸುಮಾರು ೨೫೦ ಬಗೆಯ ವಸ್ತುಗಳು ಆವಿಯಾಗಿ ಬೆರೆತಿವೆಯೆಂದು ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ೧೯೭೧ರಲ್ಲಿ ತೋರಿಸಿದರು. ಕ್ಯಾನ್ಸರ್ ಬಂದಾಗ ಜೀವಕೋಶಗಳ ರಾಸಾಯನಿಕ ಕ್ರಿಯೆ ಬದಲಾಗುವುದರಿಂದ ಈ ಆವಿಗಳ ಪ್ರಮಾಣವೂ ಬದಲಾಗಬಹುದು. ಅದನ್ನು ಗುರುತಿಸುವ ಯಂತ್ರಗಳ ಪ್ರಯೋಗ ಈಗ ನಡೆದಿದೆ. ಸೂಜಿಯಿಲ್ಲ, ನೋವಿಲ್ಲ, ಊದಿದರಾಯಿತು.

ಹಾಗಾದರೆ ಎಲ್ಲರಿಂದಲೂ ಊದಿಸುವುದೇ ಧರ್ಮವಲ್ಲವೇ? ಒಂದು ಲೆಕ್ಕ ಹಾಕೋಣ. ಸಾವಿರ ಜನರಲ್ಲಿ ೧೦ ಮಂದಿಗೆ ರೋಗವಿದೆಯೆನ್ನಿ. ನೂರಕ್ಕೆ ೯೦ರಷ್ಟು ನಿಖರವಾದ ಪರೀಕ್ಷೆ ಅವರಲ್ಲಿ ೯ ಮಂದಿಯನ್ನು ಹಿಡಿಯುತ್ತದೆ, ಒಬ್ಬರಿಗೆ ಸುಳ್ಳು ಧೈರ್ಯ ಕೊಡುತ್ತದೆ. ಜೊತೆಗೆ ರೋಗವಿಲ್ಲದ ೯೯ ಮಂದಿಯನ್ನೂ ಹೆದರಿಸುತ್ತದೆ. ಆ ಮನೆಗಳ ನಿದ್ದೆಗೆಟ್ಟ ರಾತ್ರಿಗಳಿಗೆ, ಸ್ಕ್ಯಾನಿನ ಖರ್ಚಿಗೆ ಹೊಣೆ ಯಾರು?

ಹಾಗೆಂದು ಪರೀಕ್ಷೆಯೇ ಬೇಡವೆನ್ನಲಾಗದು. ಬೇಗ ತಿಳಿದರೆ ಗುಣವಾಗುವ ಕ್ಯಾನ್ಸರುಗಳಿವೆ. ಪ್ರಶ್ನೆಯಿರುವುದು ನಮ್ಮ ನಡತೆಯಲ್ಲಿ. ಊರಿನಿಂದ ಬಂದ ವೃದ್ಧ ತಾಯಿಗೆ 'ಸುಮ್ಮನೆ ಊದಮ್ಮ' ಎಂದು ಹೇಳಿ, ಫಲಿತಾಂಶವನ್ನು ಆಕೆಯಿಂದಲೇ ಮುಚ್ಚಿಡುವುದು ಪ್ರೀತಿಯಂತೆ ಕಂಡರೂ ನ್ಯಾಯವಲ್ಲ. ಉಸಿರು ಆಕೆಯದು, ಅದು ಹೇಳುವ ಮಾತೂ ಆಕೆಯದೇ. ಊದಿಸುವ ಮುನ್ನ ಆಕೆಯ ಒಪ್ಪಿಗೆ ಕೇಳಬೇಕು, ಊದಿಸಿದ ಮೇಲೆ ಕೊನೆಯವರೆಗೂ ಜೊತೆಗಿರಬೇಕು. ಪರೀಕ್ಷೆ ಎಷ್ಟೇ ಹಗುರವಾದರೂ ಈ ಹೊಣೆ ಹಗುರವಾಗದು.